ತಿನ್ನದ ಮೀನು

2024ರ ಏಪ್ರಿಲ್‌ನಲ್ಲಿ ಆನ್‌ಸೈಟ್ ಕೆಲಸಕ್ಕೆಂದು ಪುಣೆಯಿಂದ ನ್ಯೂಜೆರ್ಸಿಗೆ ಹೋಗಿದ್ದೆ. ಕ್ಲೈಂಟ್ ಕಡೆಯ ಸಹೋದ್ಯೋಗಿಯೊಬ್ಬರು ಒಂದು ಶುಕ್ರವಾರ ರಾತ್ರಿ ಮೀನು ಹಿಡಿಯಲು ರಾರಿಟನ್ ಕೊಲ್ಲಿಯ ದಂಡೆಗೆ ಕರೆದೊಯ್ದರು. ಊರಿನ ಹೆಸರು ಕೀನ್ಸ್‌ಬರ್ಗ್. ಚಳಿಗೆ ಬೆರಳು ಮರಗಟ್ಟುತ್ತಿತ್ತು, ಎದುರಿಗೆ ದೂರದಲ್ಲಿ ಸ್ಟೇಟನ್ ಐಲೆಂಡಿನ ದೀಪಗಳು. ಸ್ಟ್ರೈಪ್ಡ್ ಬಾಸ್ ಮೀನುಗಳು ಮೊಟ್ಟೆಯಿಡಲು ಹಡ್ಸನ್ ನದಿಗೆ ಏರುವ ಮುನ್ನ ಈ ಕೊಲ್ಲಿಯಲ್ಲಿ ಸೇರುತ್ತವೆ. ಕತ್ತಲಾದ ಮೇಲೆ ಮೇವಿಗೆಂದು ದಡದ ಹತ್ತಿರಕ್ಕೇ ಬರುತ್ತವೆ.

ಕೊಕ್ಕೆಗೆ ಕಪ್ಪೆಚಿಪ್ಪಿನ ಮಾಂಸ ಸಿಕ್ಕಿಸಿ ಎಸೆದು, ಬಕೆಟ್ ಬೋರಲು ಹಾಕಿಕೊಂಡು ಕೂತೆವು. ಹತ್ತು ಗಂಟೆ ದಾಟಿದ ಮೇಲೆ ನನ್ನ ಗಾಳದ ಕೋಲು ಬಾಗಿತು. ಕುಂದಾಪುರದವನಾದರೂ ಅಷ್ಟು ದೊಡ್ಡ ಮೀನನ್ನು ನಾನೇ ಎಳೆದದ್ದು ಅದೇ ಮೊದಲು. ಬೆಳ್ಳಿ ಮೈ, ಉದ್ದಕ್ಕೂ ಕಪ್ಪು ಗೆರೆಗಳು. ಅಳೆದರೆ 38 ಇಂಚು. ಅಲ್ಲಿನ ನಿಯಮದ ಪ್ರಕಾರ 28ರಿಂದ 31 ಇಂಚಿನೊಳಗಿನ ಒಂದು ಮೀನನ್ನು ಮಾತ್ರ ಮನೆಗೆ ಒಯ್ಯಬಹುದು. ಅದಕ್ಕಿಂತ ದೊಡ್ಡವು ಹೆಚ್ಚಾಗಿ ಹೆಣ್ಣು, ಒಂದೊಂದರ ಹೊಟ್ಟೆಯಲ್ಲೂ ಲಕ್ಷಾಂತರ ಮೊಟ್ಟೆ. ಬಿಡಲೇಬೇಕು. ಫೋಟೋ ತೆಗೆದೆವು, ಮಸುಕಾಗಿತ್ತು. ಇನ್ನೊಂದು ತೆಗೆದೆವು. ಆಮೇಲೆ ನೀರಿನಲ್ಲಿ ಹಿಡಿದು ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಬಾಲ ಬಡಿದು ಕತ್ತಲೆಗೆ ಹೋಯಿತು.

ಭಾನುವಾರ ಅಮ್ಮನಿಗೆ ಫೋನಿನಲ್ಲಿ ಹೆಮ್ಮೆಯಿಂದಲೇ ಹೇಳಿದೆ. ಅವಳು ಕೇಳಿದ್ದು ಒಂದೇ: "ತಿಂಬುಕಲ್ದಿರೆ ಹಿಡುದೆಂತಕೆ ಮಗಾ?"

ಬಿಟ್ಟೆನಲ್ಲ, ಕೊಂದಿಲ್ಲವಲ್ಲ ಎಂದೆ. ಆದರೆ ಬಿಟ್ಟದ್ದೆಲ್ಲ ಬದುಕುವುದಿಲ್ಲ. ಗಾಳಕ್ಕೆ ಬಿದ್ದು ಬಿಡುಗಡೆಯಾದ ಸ್ಟ್ರೈಪ್ಡ್ ಬಾಸ್‌ಗಳಲ್ಲಿ ಶೇ. 9ರಷ್ಟು ಆಮೇಲೆ ಸಾಯುತ್ತವೆ ಎಂದು ಅಲ್ಲಿನ ಮೀನುಗಾರಿಕೆ ಲೆಕ್ಕಾಚಾರಗಳು ಇಟ್ಟುಕೊಳ್ಳುತ್ತವೆ. ವಸಂತದ ಆರಂಭದ ತಣ್ಣೀರಿನಲ್ಲಿ ಸಾವು ಕಡಿಮೆ, ಬೇಸಿಗೆಯಲ್ಲಿ ಹೆಚ್ಚು. ಕೊಕ್ಕೆಯೂ ಬಾಯಿಯ ಮೂಲೆಗೆ ಮಾತ್ರ ಚುಚ್ಚುವಂಥ ದುಂಡನೆಯದು, ಎರೆ ಹಾಕಿ ಹಿಡಿಯುವವರಿಗೆ ಅದು ಕಡ್ಡಾಯ. ಆ ರಾತ್ರಿ ನಾವಿಬ್ಬರೂ ಸೇರಿ ಹಿಡಿದದ್ದು ಏಳು. ಏಳರಲ್ಲಿ ಶೇ. 9 ಎಂದರೆ 0.63 ಮೀನು. ಅಂಥ ಮೀನು ಎಲ್ಲೂ ಇಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಇಂಥ ಸಂಖ್ಯೆಗಳ ಸೌಕರ್ಯ ನನಗೆ ಚೆನ್ನಾಗಿ ಗೊತ್ತು. ಶೇಕಡಾವಾರಿನಲ್ಲಿ ಬರೆದ ನಷ್ಟ ಯಾರ ಹೆಸರಿಗೂ ಬರುವುದಿಲ್ಲ.

ನಿಯಮ ತಪ್ಪು ಎನ್ನುತ್ತಿಲ್ಲ. 1980ರ ದಶಕದಲ್ಲಿ ಈ ಮೀನಿನ ಸಂಖ್ಯೆ ಕುಸಿದುಬಿದ್ದಾಗ ಮೇರಿಲ್ಯಾಂಡ್ 1985ರಿಂದ ಐದು ವರ್ಷ ಅದನ್ನು ಹಿಡಿಯುವುದನ್ನೇ ನಿಲ್ಲಿಸಿತ್ತು, ಮೀನು ಮರಳಿ ಬಂತು. ಆದರೆ ನಿಯಮ ಕಾಯುವುದು ಸಂತತಿಯನ್ನು. ನನ್ನ ಕೈಯಲ್ಲಿ ಬಾಯಿ ತೆರೆದು ಒದ್ದಾಡುತ್ತಿದ್ದ ಆ ಒಂದು ಮೀನಿನ ವಿಷಯದಲ್ಲಿ ಅದಕ್ಕೆ ಹೇಳಲು ಹೆಚ್ಚೇನಿಲ್ಲ. ಜರ್ಮನಿಯ ಪ್ರಾಣಿ ಸಂರಕ್ಷಣಾ ಕಾನೂನು ಅಮ್ಮನ ಪ್ರಶ್ನೆಯನ್ನೇ ಕೇಳುತ್ತದೆ: ನೋವು ಕೊಡಲು ತಕ್ಕ ಕಾರಣ ಬೇಕು, ಬಿಟ್ಟುಬಿಡುವ ಆಟಕ್ಕೆಂದೇ ಹಿಡಿಯುವುದು ಕಾರಣವಲ್ಲ.

ಹಾಗೆಂದು ಅಮ್ಮನ ಬುಟ್ಟಿಯೂ ಶುದ್ಧವೇನಲ್ಲ. ನಮ್ಮ ಕರಾವಳಿಯ ಟ್ರಾಲ್ ಬಲೆಗಳಲ್ಲಿ ಬಂಗುಡೆಯ ಜೊತೆ ರಾಶಿ ಮರಿಮೀನುಗಳೂ ಬರುತ್ತವೆ, ಯಾರೂ ತಿನ್ನದೆ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತವೆ. ಇದನ್ನು ಹೇಳಿದಾಗ ಅವಳು, "ಅದೂ ತಪ್ಪೇ" ಎಂದು ಸಾರಿನ ವಿಷಯಕ್ಕೆ ಹೋದಳು. ನನಗೆ ವಾದ ಗೆದ್ದಂತೆ ಅನಿಸಲಿಲ್ಲ. ಅವಳ ಮೀನಿನ ಹಿಂದೆ ಹಸಿವಾದರೂ ಇತ್ತು. ನನ್ನದರ ಹಿಂದೆ ಇದ್ದದ್ದು ಎದೆ ಝಲ್ಲೆನ್ನುವ ಆ ಹತ್ತು ನಿಮಿಷ, ಸುಳ್ಳು ಯಾಕೆ ಹೇಳಲಿ, ಅದು ಬಹಳ ಚೆನ್ನಾಗಿತ್ತು.

ನನ್ನನ್ನು ಕಾಡುವುದು ಗಾಳಕ್ಕಿಂತ ಹೆಚ್ಚಾಗಿ ಆ ಎರಡನೇ ಫೋಟೋ. ಮೊದಲನೆಯದಕ್ಕೇ ಬಿಟ್ಟಿದ್ದರೆ ಅದು ಅರ್ಧ ನಿಮಿಷ ಮೊದಲೇ ನೀರು ಸೇರುತ್ತಿತ್ತು. ಫೋಟೋ ಚೆನ್ನಾಗಿಯೇ ಬಂದಿದೆ: ಕಿವಿರು ಅಗಲವಾಗಿ ತೆರೆದಿದೆ, ನಾನು ನಗುತ್ತಿದ್ದೇನೆ. ಅಮ್ಮನಿಗೆ ಇನ್ನೂ ಕಳಿಸಿಲ್ಲ.