ನೆಲದಡಿಯಿಂದ ಬಂದ ಸಮಾಧಾನ

ಕೆಂಪಕ್ಷರದಲ್ಲಿ ಬರೆದ ಒಂದೇ ಸಾಲು: ‘ಎಸ್ತಾಮೋಸ್ ಬಿಯೆನ್ ಎನ್ ಎಲ್ ರೆಫೂಹಿಯೊ, ಲೋಸ್ 33.’ ಆಶ್ರಯಕೋಣೆಯಲ್ಲಿ ಚೆನ್ನಾಗಿದ್ದೇವೆ, ಮೂವತ್ತಮೂರೂ ಜನ. 2010ರ ಆಗಸ್ಟ್ 22, ಭಾನುವಾರ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಅಧ್ಯಕ್ಷ ಸೆಬಾಸ್ಟಿಯನ್ ಪಿನ್ಯೇರಾ ಈ ಚೀಟಿಯನ್ನು ಕ್ಯಾಮೆರಾಗಳ ಮುಂದೆ ಎತ್ತಿ ಹಿಡಿದರು. ಊರೂರಲ್ಲಿ ಜನ ಬೀದಿಗಿಳಿದರು, ಕಾರುಗಳ ಹಾರ್ನ್ ಮೊಳಗಿತು, ಗುರುತು ಪರಿಚಯ ಇಲ್ಲದವರು ಅಪ್ಪಿಕೊಂಡು ಅತ್ತರು. ಬೆಂಕಿಪೊಟ್ಟಣದ ಬೆನ್ನ ಮೇಲೆ ಬರೆದು ಮುಗಿಸಬಹುದಾದ ಇಷ್ಟು ಪುಟ್ಟ ವಾಕ್ಯ ಅಷ್ಟೊಂದು ಜನರ ಎದೆಯನ್ನು ಒಟ್ಟಿಗೆ ಹಗುರ ಮಾಡಿದ್ದು ಹೇಗೆ ಎಂಬ ಬೆರಗು ನನ್ನಲ್ಲಿ ಇನ್ನೂ ಹಾಗೇ ಉಳಿದಿದೆ.

ಸಮಾಧಾನ ಹೇಳುವುದು ಸಾಮಾನ್ಯವಾಗಿ ಕ್ಷೇಮವಾಗಿರುವವರ ಕೆಲಸ, ಕೇಳುವುದು ಕಷ್ಟದಲ್ಲಿರುವವರ ಪಾಲು. ಸ್ಪ್ಯಾನಿಷ್ ಆಡುವ ಜನರಲ್ಲಿ ಅಂಥ ಮಾತುಗಳಿಗೇನೂ ಬರವಿಲ್ಲ. ಗಾಬರಿಯಾದವರಿಗೆ ‘ತ್ರಾಂಕೀಲೊ’, ಶಾಂತವಾಗಿರು; ಸೋತು ಕೂತವರಿಗೆ ‘ಆನಿಮೊ’, ಧೈರ್ಯ ತಂದುಕೊ; ಒಬ್ಬಂಟಿಯಾದವರಿಗೆ ‘ನೋ ಎಸ್ತಾಸ್ ಸೋಲೊ’, ನೀನು ಒಬ್ಬನೇ ಅಲ್ಲ. ದೊಡ್ಡ ಸಂಕಟ ಬಂದರೆ ‘ಫುಯೆರ್ಸಾ’, ಗಟ್ಟಿಯಾಗಿರು. ಅದೇ ವರ್ಷದ ಫೆಬ್ರವರಿ 27ರಂದು 8.8 ತೀವ್ರತೆಯ ಭೂಕಂಪ ಚಿಲಿಯನ್ನು ಅಲುಗಾಡಿಸಿದಾಗ ‘ಫುಯೆರ್ಸಾ ಚಿಲೆ’ ಎಂಬ ಮಾತು ದೇಶದ ತುಂಬ ಹರಡಿತ್ತು. ಅದಾದ ಆರು ತಿಂಗಳೊಳಗೆ ಅದೇ ಜನ ಅದೇ ಮಾತನ್ನು ಇನ್ನೊಂದು ಫಲಕದ ಮೇಲೆ ಬರೆಯಬೇಕಾಯಿತು: ‘ಫುಯೆರ್ಸಾ ಮಿನೆರೋಸ್’, ಗಣಿಗಾರರೇ, ಗಟ್ಟಿಯಾಗಿರಿ. ಆದರೆ ಯಾರಿಗಾಗಿ ಬರೆದರೋ ಅವರು ಅದನ್ನು ಓದುವಂತಿರಲಿಲ್ಲ. ಅವರು ಬದುಕಿದ್ದಾರೋ ಇಲ್ಲವೋ ಅನ್ನುವುದೂ ಬರೆದವರಿಗೆ ಗೊತ್ತಿರಲಿಲ್ಲ.

ಕೋಪಿಯಾಪೋ ಪಟ್ಟಣದ ಬಳಿಯ ಸಾನ್ ಹೊಸೆ ಶತಮಾನ ದಾಟಿದ ತಾಮ್ರ ಮತ್ತು ಚಿನ್ನದ ಗಣಿ. ಆಗಸ್ಟ್ 5ರಂದು ಒಳಗೆ ಬೃಹತ್ ಬಂಡೆ ಕುಸಿದು ದಾರಿ ಮುಚ್ಚಿಹೋಯಿತು, 33 ಗಣಿಗಾರರು ಒಳಗೇ ಸಿಲುಕಿದರು. ಗಾಳಿಕಿಂಡಿಯೊಂದರ ಮೂಲಕ ಹತ್ತಿ ಬರೋಣವೆಂದರೆ ಅಲ್ಲಿ ಇರಲೇಬೇಕಾಗಿದ್ದ ಏಣಿ ಪೂರ್ತಿಯಾಗಿ ಇರಲಿಲ್ಲ. ಸುದ್ದಿ ಕೇಳಿ ಓಡಿಬಂದ ಮನೆಯವರು ಗುಡ್ಡದ ಮೇಲೆ ಡೇರೆ ಹಾಕಿ ಕುಳಿತರು. ಆ ಬಿಡಾರಕ್ಕೆ ‘ಎಸ್ಪೆರಾನ್ಸಾ’ ಎಂದು ಹೆಸರಿಟ್ಟರು, ಭರವಸೆ ಅಂತ. ಮಣ್ಣಲ್ಲಿ 33 ಬಾವುಟ ನೆಟ್ಟರು: 32 ಚಿಲಿಯವು, ಒಂದು ಬೊಲಿವಿಯಾದ್ದು. ಒಳಗಿದ್ದವರಲ್ಲಿ ಒಬ್ಬ ಆ ದೇಶದವನು. ಮೇಲಿನಿಂದ ಕೊರೆಯುತ್ತಿದ್ದ ಯಂತ್ರಗಳು ಗುರಿ ತಪ್ಪುತ್ತಲೇ ಇದ್ದವು, ಗಣಿಯ ನಕ್ಷೆಗಳನ್ನು ನಂಬುವಂತಿರಲಿಲ್ಲ. ಹೀಗೆ ಹದಿನೇಳು ದಿನ. 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದೊಳಗೆ ನಮ್ಮ 41 ಕಾರ್ಮಿಕರು ಸಿಲುಕಿದ್ದೂ ಹೆಚ್ಚುಕಡಿಮೆ ಅಷ್ಟೇ ದಿನ. ಆದರೆ ಅಲ್ಲಿ ಒಳಗಿನವರ ದನಿ ಹೊರಗೆ ಕೇಳುತ್ತಿತ್ತು. ಚಿಲಿಯಲ್ಲಿ ಹದಿನೇಳು ದಿನವೂ ಸದ್ದಿಲ್ಲ, ಸುಳಿವಿಲ್ಲ.

22ರ ಬೆಳಗಿನ ಜಾವ 688 ಮೀಟರ್ ಆಳದಲ್ಲಿ ಕೊರೆಗಂಬಿ ಫಕ್ಕನೆ ಖಾಲಿ ಜಾಗಕ್ಕೆ ಇಳಿಯಿತು. ಯಂತ್ರ ನಿಲ್ಲಿಸಿ ಕೊಳವೆಗೆ ಕಿವಿಗೊಟ್ಟವರಿಗೆ ಕೆಳಗಿನಿಂದ ಬಡಿತ ಕೇಳಿಸಿತು. ಕತ್ತಲಲ್ಲಿದ್ದವರು ಕೈಗೆ ಸಿಕ್ಕಿದ್ದರಲ್ಲಿ ಕಬ್ಬಿಣವನ್ನು ಬಡಿಯುತ್ತಿದ್ದರು. ಬಡಿದದ್ದು ಸಾಲದೆಂದು ತುದಿಗೆ ಕೆಂಪು ಬಣ್ಣ ಬಳಿದರು, ಅದೂ ಸಾಲದೆಂದು ಚೀಟಿಗಳನ್ನು ಕಟ್ಟಿದರು. ಕೊಳವೆಗಳನ್ನು ಒಂದೊಂದಾಗಿ ಕಳಚುತ್ತ ಅಷ್ಟು ಉದ್ದದ ಕಂಬಿಯನ್ನು ಮೇಲೆಳೆಯಲು ಗಂಟೆಗಳೇ ಹಿಡಿದವು. ಕೊನೆಗೆ ತುದಿ ಹೊರಬಂದಾಗ ಕೆಸರಿನ ಅಡಿಯಲ್ಲಿ ಬಣ್ಣವೂ ಇತ್ತು, ಬಿಗಿದು ಸುತ್ತಿದ ಪೊಟ್ಟಣಗಳೂ ಇದ್ದವು. ಅವುಗಳಲ್ಲೊಂದು ಹೊಸೆ ಓಹೆದಾ ಎಂಬ ಗಣಿಗಾರ ಬರೆದ ಆ ಸಾಲು.

ಇನ್ನೊಮ್ಮೆ ಅದನ್ನು ಓದಿ ನೋಡಿ. ‘ಚೆನ್ನಾಗಿದ್ದೇವೆ’ ಎಂದಷ್ಟೇ ಬರೆದಿದ್ದರೆ ಏನಾಗುತ್ತಿತ್ತು? ಯಾರು ಚೆನ್ನಾಗಿದ್ದಾರೆ, ಎಷ್ಟು ಜನ, ನನ್ನ ಗಂಡ ಅದರಲ್ಲಿ ಇದ್ದಾನೋ ಇಲ್ಲವೋ ಎಂದು ಗುಡ್ಡದ ಮೇಲಿನ ಒಂದೊಂದು ಡೇರೆಯೂ ಹೊಸದಾಗಿ ಬೇಯುತ್ತಿತ್ತು. ಬದುಕಿದವರ ಸುದ್ದಿ ಬರುವ ಗಳಿಗೆಯೇ ಅತ್ಯಂತ ಕ್ರೂರವಾದ ಗಳಿಗೆಯೂ ಆಗಬಹುದಿತ್ತು. ಬರೆದಾತ ಅದನ್ನು ಮೊದಲೇ ಎಣಿಸಿದ್ದನೋ, ಅಥವಾ ಪಾಳಿಯ ತಲೆ ಎಣಿಸುವ ಗಣಿಗಾರನ ಅಭ್ಯಾಸ ತಾನಾಗಿ ಕೈಯಲ್ಲಿ ಬಂತೋ, ಸಾಲಿನ ತುದಿಯಲ್ಲಿ 33 ಎಂಬ ಅಂಕಿ ಕುಳಿತಿತ್ತು. ಒಂದೇ ಒಂದು ಹೆಸರಿಲ್ಲದೆ ಮೂವತ್ತಮೂರು ಮನೆಗೂ ಬೇರೆಬೇರೆಯಾಗಿ ಉತ್ತರ ಮುಟ್ಟಿತು. ಎಲ್ಲಿದ್ದೇವೆ, ಹೇಗಿದ್ದೇವೆ, ಎಷ್ಟು ಮಂದಿ: ಆತಂಕಗೊಂಡವರು ಕೇಳುವ ಮೂರು ಪ್ರಶ್ನೆಗೂ ಅಲ್ಲಿ ಜವಾಬಿದೆ. ‘ಹೆದರಬೇಡಿ’ ಎಂಬ ಒಂದು ಪದ ಮಾತ್ರ ಇಲ್ಲ.

ಅವರು ನಿಜಕ್ಕೂ ಚೆನ್ನಾಗಿದ್ದರೇ? ಎಲ್ಲಿಂದ ಬಂತು! ಎರಡು ದಿನಕ್ಕೆಂದು ಇಟ್ಟಿದ್ದ ಆಹಾರವನ್ನು ಎಳೆದೆಳೆದು ಉಂಡಿದ್ದರು. 48 ಗಂಟೆಗೊಮ್ಮೆ ಎರಡು ಚಮಚ ಟ್ಯೂನಾ ಮೀನು, ಒಂದು ಗುಟುಕು ಹಾಲು, ಒಂದು ಬಿಸ್ಕತ್ತು. ಕುಡಿಯಲು ಯಂತ್ರಗಳಿಗೆಂದು ಇಟ್ಟ ನೀರು. ಸೆಕೆ 30 ಡಿಗ್ರಿ ದಾಟಿತ್ತು. ಅವರಲ್ಲೇ ಹಿರಿಯ ಮಾರಿಯೋ ಗೋಮೆಸ್‌ಗೆ ಅರವತ್ತು ದಾಟಿತ್ತು, ಗಣಿಯ ಧೂಳು ಕುಡಿದು ಸಿಲಿಕೋಸಿಸ್ ಆಗಿದ್ದ ಮನುಷ್ಯ. ಆತನೂ ಅದೇ ಕಂಬಿಗೆ ಹೆಂಡತಿಗೊಂದು ಕಾಗದ ಕಟ್ಟಿ ಕಳಿಸಿದ್ದ: ದೇವರ ದಯದಿಂದ ಚೆನ್ನಾಗಿದ್ದೇನೆ, ತಾಳ್ಮೆಯಿರಲಿ, ನಂಬಿಕೆಯಿರಲಿ. ಉಸಿರೇ ಸರಿಯಿಲ್ಲದವನು ಬೆಳಕಿನಲ್ಲಿ ನಿಂತವಳಿಗೆ ತಾಳ್ಮೆ ಹೇಳುತ್ತಾನೆ! ಇದನ್ನು ಸುಳ್ಳೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ತನ್ನ ಹಸಿವಿಗಿಂತ ಮೇಲಿರುವವಳ ಭಯ ದೊಡ್ಡದು ಎಂದು ಹೇಗೋ ಅಳೆದವನ ಮಾತು ಅದು.

ಮರುದಿನ ಕೊರೆದ ರಂಧ್ರದೊಳಗೆ ದೂರವಾಣಿ ತಂತಿ ಇಳಿಯಿತು. ಗಣಿ ಸಚಿವ ಲಾರೆನ್ಸ್ ಗೋಲ್‌ಬೋರ್ನೆ ಮೇಲಿನಿಂದ, ಪಾಳಿಯ ಮುಖ್ಯಸ್ಥ ಲೂಯಿಸ್ ಉರ್ಸೂವಾ ಕೆಳಗಿನಿಂದ ಮಾತಾಡಿದರು. ಚೆನ್ನಾಗಿದ್ದೇವೆ, ಬಂದು ಕಾಪಾಡುವುದನ್ನೇ ಕಾಯುತ್ತಿದ್ದೇವೆ ಎಂದ ಉರ್ಸೂವಾ, ಆಮೇಲೆ ಒಂದು ಪ್ರಶ್ನೆ ಕೇಳಿದ: ಕುಸಿತದ ಹೊತ್ತಿಗೆ ಹೊರಗೆ ಹೋಗುತ್ತಿದ್ದ ನಮ್ಮ ಜೊತೆಗಾರರು ಪಾರಾದರೇ? ಎಲ್ಲರೂ ಪಾರಾಗಿದ್ದಾರೆ ಎಂಬ ಉತ್ತರ ಇಳಿದಾಗ 700 ಮೀಟರ್ ಕೆಳಗೆ ಹರ್ಷೋದ್ಗಾರ ಎದ್ದಿತು. ಈ ಘಟನೆಯ ಬಗ್ಗೆ ಓದಿದ್ದರಲ್ಲೆಲ್ಲ ನನ್ನನ್ನು ಮತ್ತೆಮತ್ತೆ ತಡೆದು ನಿಲ್ಲಿಸುವುದು ಇದೇ. ಹದಿನೇಳು ದಿನ ಅವರ ತಲೆಯಲ್ಲಿ ಕೊರೆಯುತ್ತಿದ್ದ ಚಿಂತೆಗಳಲ್ಲಿ ಬೇರೆಯವರ ಪ್ರಾಣದ್ದೂ ಒಂದಿತ್ತು.

ಇನ್ನು ಮೇಲಿದ್ದವರ ಸಾಂತ್ವನ. ಅಂಗೈಯಗಲದ ರಂಧ್ರದಲ್ಲಿ ‘ಪಲೋಮಾ’ ಎಂಬ ಕೊಳವೆಗಳನ್ನು ಇಳಿಬಿಟ್ಟು ಊಟ, ಔಷಧಿ, ಪತ್ರ ಕಳಿಸುತ್ತಿದ್ದರು. ಪಲೋಮಾ ಎಂದರೆ ಪಾರಿವಾಳ. ಮೊದಮೊದಲು ಮನೆಯವರ ಕಾಗದಗಳನ್ನು ಮನಶ್ಶಾಸ್ತ್ರಜ್ಞರ ತಂಡ ಓದಿ ಕಳಿಸುತ್ತಿತ್ತು. ತಡವಾಗಿ ಬಂದ ಕಾಗದಗಳನ್ನು ನೋಡಿ ಕೆಳಗಿನವರು ಸಿಟ್ಟಾದರು. ನ್ಯಾಯವಾದ ಸಿಟ್ಟು. ಬಿಡುಗಡೆಗೆ ತಿಂಗಳುಗಳೇ ಹಿಡಿಯಬಹುದು ಎನ್ನುವುದನ್ನು ಹೇಗೆ ತಿಳಿಸುವುದೆಂದು ಅಧಿಕಾರಿಗಳು ಹಿಂದೆಮುಂದೆ ನೋಡಿದರು. ಕೊನೆಗೆ ಹೇಳಿದರು: ಸೆಪ್ಟೆಂಬರ್ 18ರ ರಾಷ್ಟ್ರೀಯ ಹಬ್ಬಕ್ಕೆ ಆಗುವುದಿಲ್ಲ, ಕ್ರಿಸ್‌ಮಸ್ ಹೊತ್ತಿಗೆ ನೋಡೋಣ. ಕೆಳಗಿನವರು ಶಾಂತರಾಗಿಯೇ ಕೇಳಿಸಿಕೊಂಡರು. ನಮ್ಮಲ್ಲೂ ಆಸ್ಪತ್ರೆಯ ವರದಿಯನ್ನು ರೋಗಿಯಿಂದ ಬಚ್ಚಿಡುವುದೇ ಪ್ರೀತಿ ಎಂದು ಎಷ್ಟು ಮನೆಗಳು ನಂಬಿವೆ! ಕಷ್ಟದಲ್ಲಿರುವವನು ಮಗು ಅಲ್ಲ ಎಂಬುದು ಸುಖದಲ್ಲಿರುವವನಿಗೆ ಹೊಳೆಯುವುದೇ ಇಲ್ಲ.

ಸೆಪ್ಟೆಂಬರ್‌ನಲ್ಲಿ ಅವರಲ್ಲೊಬ್ಬ, ಆರಿಯೆಲ್ ತಿಕೋನಾ, ನೆಲದಡಿಯಲ್ಲಿದ್ದಾಗಲೇ ಹೆಣ್ಣುಮಗುವಿನ ತಂದೆಯಾದ. ಮಗುವಿಗೆ ಎಸ್ಪೆರಾನ್ಸಾ ಎಂದೇ ಹೆಸರಿಟ್ಟರು. ಕ್ರಿಸ್‌ಮಸ್‌ವರೆಗೂ ಕಾಯುವುದು ಬೇಕಾಗಲಿಲ್ಲ. ಅಕ್ಟೋಬರ್ 13ರಂದು, ಕುಸಿತವಾದ 69 ದಿನಗಳ ಮೇಲೆ, ‘ಫೆನಿಕ್ಸ್’ ಎಂಬ ಕಿರಿದಾದ ಕೋಶದಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಮೇಲೆ ಬಂದರು. ಓಹೆದಾನ ಆ ಸಾಲು ಅಷ್ಟರಲ್ಲಿ ಅಂಗಿಗಳ ಮೇಲೆ, ಲೋಟಗಳ ಮೇಲೆ ಮಾರಾಟಕ್ಕೆ ಬಿದ್ದಿತ್ತು. ಲೇಖಕರೊಬ್ಬರ ನೆರವಿನಿಂದ ಅದು ಆತನ ಹೆಸರಿನಲ್ಲೇ ಹಕ್ಕುಸ್ವಾಮ್ಯವಾಗಿ ನೋಂದಣಿಯಾಯಿತು. ಸಮಾಧಾನದ ಮಾತಿಗೂ ಒಡೆತನವೇ ಎಂದು ಮೊದಲು ನಗು ಬಂದಿತ್ತು ನನಗೆ. ಆಮೇಲೆ ಅನ್ನಿಸಿತು, ಇರಲಿ ಬಿಡಿ, ಅಂಗಿ ಮಾರುವವನಿಗಿಂತ ಬರೆದವನ ಹಕ್ಕೇ ಹೆಚ್ಚು.

‘ಚೆನ್ನಾಗಿದ್ದೇವೆ’ ಎಂದವರಲ್ಲಿ ಅನೇಕರು ಹೊರಬಂದ ಮೇಲೆ ಚೆನ್ನಾಗಿರಲಿಲ್ಲ. ನಿದ್ದೆ ಬಾರದ ರಾತ್ರಿಗಳು, ಕೆಟ್ಟ ಕನಸು, ಕುಡಿತ, ಕೆಲಸ ಸಿಗದ ಅಲೆದಾಟ. ಎಲ್ಲರಿಗಿಂತ ಕೊನೆಯಲ್ಲಿ ಮೇಲೆ ಬಂದ ಗಣಿಗಾರ ಉರ್ಸೂವಾ ತನ್ನ ಪಾಳಿಯನ್ನು ಅಧ್ಯಕ್ಷರಿಗೆ ಒಪ್ಪಿಸುತ್ತ, ಇಂಥದ್ದು ಇನ್ನೆಂದೂ ನಡೆಯದಿರಲಿ ಎಂದಿದ್ದ. ಮೂರು ವರ್ಷದ ತನಿಖೆಯ ನಂತರ, 2013ರ ಆಗಸ್ಟ್‌ನಲ್ಲಿ, ಗಣಿಯ ಮಾಲೀಕರ ಮೇಲೆ ಯಾವ ಆರೋಪವನ್ನೂ ಹೊರಿಸದೆ ಪ್ರಕರಣವನ್ನು ಮುಚ್ಚಲಾಯಿತು.