ಬ್ರೌಸರಿನ ಸ್ಕ್ರಿಪ್ಟ್ ಮತ್ತು ಕರ್ತೃತ್ವದ ಪ್ರಶ್ನೆ

ಬ್ರೌಸರಿನೊಳಗಿನ ಸ್ಕ್ರಿಪ್ಟನ್ನು ಉಳಿದ ಪ್ರೋಗ್ರಾಮುಗಳಿಂದ ಬೇರ್ಪಡಿಸುವುದು ಅದು ನಡೆಯುವ ಜಾಗ. ಸರ್ವರಿನ ಪ್ರೋಗ್ರಾಂ ಬರೆದವರ ಹತೋಟಿಯ ಯಂತ್ರದಲ್ಲೇ ನಡೆಯುತ್ತದೆ. ಸಿ ಭಾಷೆಯ ಪ್ರೋಗ್ರಾಂ ಸಾಮಾನ್ಯವಾಗಿ ಯಂತ್ರಭಾಷೆಗೆ ಇಳಿದ ಮೇಲೆ ಬಳಕೆದಾರರ ಕೈ ಸೇರುತ್ತದೆ. ಬ್ರೌಸರಿನ ಸ್ಕ್ರಿಪ್ಟ್ ಭಾಷೆಯಾದ ಜಾವಾಸ್ಕ್ರಿಪ್ಟ್ ಪುಟದೊಂದಿಗೆ ಪಠ್ಯವಾಗಿಯೇ ಬಂದು, ಪುಟ ತೆರೆದವರ ಯಂತ್ರದಲ್ಲಿ ಆಗಿಂದಾಗಲೇ ನಡೆಯುತ್ತದೆ. ಬ್ರೆಂಡನ್ ಐಕ್ 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿಗೆಂದು ರಚಿಸಿದ ಈ ಭಾಷೆ 2009ರಲ್ಲಿ ಬಂದ ನೋಡ್ ಜೆಎಸ್ ಎಂಬ ತಂತ್ರಾಂಶದ ಮೂಲಕ ಸರ್ವರಿನಲ್ಲೂ ವ್ಯಾಪಕವಾಯಿತು. ಅಲ್ಲಿ ಭಾಷೆ ಅದೇ, ಅಧಿಕಾರ ಬೇರೆ.

ಒಬ್ಬರು ಬರೆದದ್ದು ಇನ್ನೊಬ್ಬರ ಯಂತ್ರದಲ್ಲಿ ನಡೆದರೆ ಅದರ ಕರ್ತೃ ಯಾರು? ಸಾಂಗ್ಲಿ ಜಿಲ್ಲೆಯ ಮಿರಜದ ತಂಬೂರಿ ಇದಕ್ಕೆ ಹತ್ತಿರದ ನಿದರ್ಶನ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು 19ನೇ ಶತಮಾನದಲ್ಲಿ ಇಲ್ಲಿ ವಾದ್ಯ ತಯಾರಿಕೆಗೆ ತೊಡಗಿದರು. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆಯಿತು. ಒಣಗಿದ ಬುರುಡೆಗೆ ದಂಡಿ ಕೂಡಿಸಿ, ತಂತಿಗಳನ್ನು ಹೊರುವ ಕುದುರೆಯನ್ನು ಉಜ್ಜಿ ನಾದದ ಜವಾರಿ ಹದಗೊಳಿಸುವುದು ಕುಶಲಕರ್ಮಿಯ ಕೆಲಸ. ವಾದ್ಯ ಧಾರವಾಡದ ವೇದಿಕೆ ಸೇರಿದ ಮೇಲೆ ಶ್ರುತಿ ಕೂಡಿಸಿ, ತಂತಿಯಡಿಯ ದಾರ ಸರಿಸಿ ನಾದ ಹೊರಡಿಸುವುದು ಬೇರೆ ಕೈ.

ಕರ್ತೃ ಯಾರೆಂಬ ಪ್ರಶ್ನೆ ವೇದಾಂತದಲ್ಲೂ ಇದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವು ಜೀವಾತ್ಮನ ಕರ್ತೃತ್ವವನ್ನು ವಿಚಾರಿಸುವಾಗ ಬಡಗಿಯ ದೃಷ್ಟಾಂತ ಕೊಡುತ್ತದೆ. ಶಂಕರರ ವ್ಯಾಖ್ಯಾನದಲ್ಲಿ ಬಡಗಿ ಬಾಚಿ ಹಿಡಿದಾಗ ಕರ್ತೃ, ಕೆಳಗಿಟ್ಟಾಗ ಅಲ್ಲ. ಕರ್ತೃತ್ವವು ಉಪಕರಣದ ಸಂಬಂಧದಿಂದ ಬಂದದ್ದು. ಮಧ್ವರ ವ್ಯಾಖ್ಯಾನದಲ್ಲಿ ಅವನು ಕೆಲಸ ಮಾಡಿಸುವವನ ಅಧೀನನಾಗಿದ್ದೂ ಕರ್ತೃವೇ.

ಸ್ಕ್ರಿಪ್ಟಿನ ವಿಷಯದಲ್ಲಿ ಉಪಕರಣವೆಲ್ಲ ಓದುಗರದು. ಒಂದು ತಾಣದ ಸ್ಕ್ರಿಪ್ಟ್ ಇನ್ನೊಂದು ತಾಣದ ಮಾಹಿತಿಗೆ ಕೈಹಾಕದಂತೆ ಬ್ರೌಸರ್ ತಡೆಯುತ್ತದೆ. ಕ್ಯಾಮೆರಾ, ಮೈಕ್ ಬಳಸಲು ಅನುಮತಿ ಬೇಕು. ಓದುಗರು ಕೋಡನ್ನು ತೆರೆದು ನೋಡಬಹುದು, ತಿದ್ದಬಹುದು, ನಿಲ್ಲಿಸಲೂಬಹುದು. ಆದ್ದರಿಂದ ಫಾರ್ಮಿನ ತಪಾಸಣೆ ಬ್ರೌಸರಿನಲ್ಲಿ ನಡೆದಿದ್ದರೂ ಸರ್ವರಿನಲ್ಲಿ ಮತ್ತೆ ನಡೆಯಲೇಬೇಕು.

ಹಾಗೆಂದು ಬರೆದವರ ಹೊಣೆ ಕಳೆಯುವುದಿಲ್ಲ. ಓದುಗರ ಡೇಟಾ ಮತ್ತು ಬ್ಯಾಟರಿ ಖರ್ಚಾಗುವುದು, ಅವರ ಚಲನವಲನ ಕದ್ದು ನೋಡುವುದು ಬರೆದವರ ಸಂಕಲ್ಪದಿಂದಲೇ. ಇಲ್ಲಿ ಮಧ್ವರ ಬಡಗಿಯೇ ಹೆಚ್ಚು ಹೊಂದುತ್ತಾನೆ: ಬರೆದವರು ಪರಾಧೀನರು, ಆದರೂ ಕರ್ತೃಗಳು. ಬೇಕಾದಷ್ಟೇ ಕೋಡು ಕಳಿಸುವುದು, ಸ್ಕ್ರಿಪ್ಟ್ ನಡೆಯದಿದ್ದಾಗಲೂ ಓದಲು ಬರುವಂತೆ ಪುಟ ಕಟ್ಟುವುದು ಅಂಥ ಕರ್ತೃವಿನ ಧರ್ಮ.