ಗೂಡು ಸೇರದ ಕೋಳಿ

ಸಂಜೆಯಾದೊಡನೆ ಯಾರೂ ಕರೆಯದೆ, ಯಾರೂ ಅಟ್ಟದೆ ತಾನಾಗಿಯೇ ಗೂಡಿಗೆ ಮರಳುವುದು ಕೋಳಿಯ ಸಹಜ ಗುಣ. ಕತ್ತಲಲ್ಲಿ ಅದರ ಕಣ್ಣು ಮಂಕು. ಆದುದರಿಂದ ಬೆಳಕು ಆರುವ ಮುನ್ನವೇ ಸುರಕ್ಷಿತವಾದ ಎತ್ತರವನ್ನು ಹುಡುಕಿಕೊಳ್ಳುವ ಬುದ್ಧಿಯನ್ನು ಅದು ತನ್ನ ಪೂರ್ವಜವಾದ ಕಾಡುಕೋಳಿಯಿಂದಲೇ ಪಡೆದು ಬಂದಿದೆ. ಅಂಥ ಪ್ರಾಣಿ ಒಂದು ಸಂಜೆ ಬಾಗಿಲ ಮುಂದೆ ನಿಂತು ಒಳಗೆ ಹೋಗಲು ಒಲ್ಲೆನೆಂದರೆ, ನಮ್ಮ ಹಳ್ಳಿಗಳ ಅಂಗಳದಲ್ಲಿ ಹುಟ್ಟುವ ಮೊದಲ ಮಾತು, “ಕೋಳಿಗೆ ಸೊಕ್ಕು ಬಂದೈತಿ” ಎಂಬುದು. ಬಳಿಕ ಕೋಲು ಹೊರಬರುತ್ತದೆ.

ಈ ಸಣ್ಣ ಸಂಗತಿಯಲ್ಲಿ ಒಂದು ದೊಡ್ಡ ನೈತಿಕ ಪ್ರಶ್ನೆ ಅಡಗಿದೆ. ಆಶ್ರಯ ಕೊಡುವವನ ಸದುದ್ದೇಶವೊಂದೇ ಆಶ್ರಯವಾದೀತೆ? ಅದನ್ನು ನಿರಾಕರಿಸಿದವರೆಲ್ಲ ಕೃತಘ್ನರೇ?

ಬಲ್ಲವರು ಕೋಲು ಹಿಡಿಯುವ ಮೊದಲು ಗೂಡನ್ನು ಪರೀಕ್ಷಿಸುತ್ತಾರೆ. ಹಿಂದಿನ ರಾತ್ರಿ ಹಾವೋ ಮುಂಗುಸಿಯೋ ಕಾಡುಬೆಕ್ಕೋ ಒಳಹೊಕ್ಕಿದ್ದರೆ ಆ ಭಯ ಕೋಳಿಯ ಮನಸ್ಸಿನಿಂದ ಬೇಗ ಅಳಿಯದು. ಹಿಕ್ಕೆ ಒದ್ದೆಯಾಗಿ ಕೊಳೆತರೆ ಅದರ ಘಾಟು ಕಣ್ಣು, ಗಂಟಲನ್ನು ಉರಿಸುತ್ತದೆ. ಇವೆಲ್ಲಕ್ಕಿಂತ ಗೂಢವಾದ ಕಾರಣ ಕೆಂಪು ನುಸಿ. ಅದು ಹಗಲೆಲ್ಲ ಅಡ್ಡಗೋಲಿನ ತುದಿಗಳಲ್ಲಿ, ಹಲಗೆಯ ಬಿರುಕುಗಳಲ್ಲಿ ಅವಿತಿದ್ದು, ಕೋಳಿ ಮಲಗಿದ ಮೇಲೆ ಹೊರಬಂದು ರಕ್ತ ಹೀರುತ್ತದೆ. ಬಿಸಿಲಿನ ದಿನಗಳಲ್ಲಿ ವಾರವೊಂದರಲ್ಲಿ ಹೊಸ ತಲೆಮಾರನ್ನೇ ಬೆಳೆಸಬಲ್ಲದು. ಹಗಲಿನಲ್ಲಿ ಇಣುಕಿ ನೋಡಿದ ಯಜಮಾನನಿಗೆ ಗೂಡು ಸ್ವಚ್ಛವಾಗಿಯೇ ಕಾಣುತ್ತದೆ. ಅದರೊಳಗೆ ರಾತ್ರಿ ಕಳೆಯುವ ಜೀವಕ್ಕೆ ಮಾತ್ರ ಅದರ ನಿಜ ತಿಳಿದಿರುತ್ತದೆ.

ಗೂಡು ನಿರ್ದೋಷವಾಗಿದ್ದರೂ ಒಳಗಿನ ಬಳಗ ನಿರ್ದೋಷವೆನ್ನಲಾಗದು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಮೇಲುಕೀಳಿನ ಕಟ್ಟು ಇರುವುದನ್ನು ನಾರ್ವೆಯ ಥೋರ್ಲೀಫ್ ಶೆಲ್ಡರುಪ್-ಎಬ್ಬೆ ಎಂಬ ವಿದ್ವಾಂಸರು 1922ರಲ್ಲಿ ಬರೆದು ತೋರಿಸಿದರು. ಜಾಗ ಇಕ್ಕಟ್ಟಾದಾಗ ದುರ್ಬಲವಾದ ಹೇಂಟೆಯೇ ಬಾಗಿಲಲ್ಲಿ ಉಳಿಯುತ್ತದೆ. ಆಹಾರ ಕಂಡಾಗ ಬಳಗವನ್ನು ಕರೆಯುವ ಗುಣಕ್ಕೆ ಬಸವಣ್ಣನವರು ಕಾಗೆಯೊಡನೆ ಕೋಳಿಯನ್ನೂ ನಿದರ್ಶನವಾಗಿ ಎತ್ತಿಕೊಂಡರು. ಹಗಲು ಕಾಳಿಗೆ ಕರೆದ ಹಕ್ಕಿಯೇ ರಾತ್ರಿ ಅಡ್ಡಗೋಲಿನ ಮೇಲೆ ತನ್ನವಳನ್ನು ಕುಕ್ಕಿ ಕೆಳಗಿಳಿಸುತ್ತದೆ. ಉಣ್ಣಲು ಕರೆಯುವುದು ಸುಲಭ, ಪಕ್ಕದಲ್ಲಿ ಠಾವು ಕೊಡುವುದು ಕಷ್ಟ. ಮನುಷ್ಯರ ಸಮಾಜದಲ್ಲಿಯೂ ಇದಕ್ಕೆ ಸಾಕ್ಷಿಗಳು ಬೇಕಾದಷ್ಟಿವೆ.

ಹಾಗೆಂದು ನಿರಾಕರಣೆಯೆಲ್ಲವೂ ನ್ಯಾಯವೆಂದು ನಾವು ಹೇಳುತ್ತಿಲ್ಲ. ಹೊಸದಾಗಿ ತಂದ ಕೋಳಿಗೆ ಯಾವ ದೂರೂ ಇರುವುದಿಲ್ಲ, ರೂಢಿ ಮಾತ್ರ ಇರುವುದಿಲ್ಲ. ಕೆಲವು ದಿನ ಒಳಗೇ ಇಟ್ಟು ಮೇವು ನೀರು ಕೊಟ್ಟರೆ ಅದು ಗೂಡನ್ನು ತನ್ನದೆಂದು ಒಪ್ಪಿಕೊಳ್ಳುತ್ತದೆ. ಇನ್ನು, ಮರವೇರಿದ ಕೋಳಿಯನ್ನು “ಅದರ ಇಷ್ಟ” ಎಂದು ಬಿಟ್ಟುಬಿಟ್ಟರೆ ಬೆಳಗಿಗೆ ಪುಕ್ಕಗಳಷ್ಟೇ ಉಳಿದಾವು. ರಕ್ಷಿಸುವ ಹೊಣೆಯಿಂದ ಯಜಮಾನನಿಗೆ ಬಿಡುಗಡೆಯಿಲ್ಲ. ನಮ್ಮ ವಾದ ಇಷ್ಟೇ: ಚಿಲಕ ಯಾರ ಕೈಯಲ್ಲಿದೆಯೋ ಮೊದಲು ಪರೀಕ್ಷಿಸಿಕೊಳ್ಳುವ ಕರ್ತವ್ಯ ಅವರದು.

ಈ ಕರ್ತವ್ಯವನ್ನು ಅರಿತ ಅರಸರೊಬ್ಬರು ನಮ್ಮ ಕೊಲ್ಹಾಪುರದಲ್ಲಿಯೇ ಆಗಿಹೋದರು. ರಾಜರ್ಷಿ ಶಾಹು ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿ, ಮಕ್ಕಳನ್ನು ಶಾಲೆಗೆ ಕಳುಹಿಸದ ಪಾಲಕರಿಗೆ ದಂಡವನ್ನೂ ಗೊತ್ತುಪಡಿಸಿದರು. ಆದರೆ ಅದಕ್ಕೂ ಬಹು ಮೊದಲೇ, 1901ರಿಂದಲೇ, ಹಳ್ಳಿಯ ಹುಡುಗರಿಗೆ ಪಟ್ಟಣದಲ್ಲಿ ಉಂಡು ಮಲಗುವ ನೆಲೆಯಿಲ್ಲದುದನ್ನು ಮನಗಂಡು ಮರಾಠ, ಜೈನ, ಲಿಂಗಾಯತ, ಮುಸ್ಲಿಂ ಹಾಗೂ ಅಸ್ಪೃಶ್ಯರೆನಿಸಿಕೊಂಡಿದ್ದ ಸಮಾಜಗಳ ವಿದ್ಯಾರ್ಥಿಗಳಿಗೆ ಒಂದೊಂದಾಗಿ ವಸತಿಗೃಹಗಳು ಏಳುವಂತೆ ಮಾಡಿದ್ದರು. ಬೇರೆ ಬೇರೆ ಗೂಡುಗಳೇ ಕೊನೆಯ ಉತ್ತರವಲ್ಲವೆಂಬುದೂ ಅವರಿಗೆ ತಿಳಿದಿತ್ತು. 1919ರಲ್ಲಿ ಅಸ್ಪೃಶ್ಯ ಮಕ್ಕಳ ಪ್ರತ್ಯೇಕ ಶಾಲೆಗಳನ್ನು ರದ್ದುಪಡಿಸಿ ಎಲ್ಲರನ್ನೂ ಒಂದೇ ಶಾಲೆಯಲ್ಲಿ ಕೂಡಿಸಲು ಆಜ್ಞೆ ಹೊರಡಿಸಿದರು. ಮೊದಲು ಠಾವು, ಆಮೇಲೆ ದಂಡ, ಕಡೆಗೆ ಸಮಾನ ಪಂಕ್ತಿ. ಈ ಕ್ರಮದಲ್ಲಿಯೇ ಅವರ ವಿವೇಕವಿದೆ.

ಇಂದು ಗಡಿಭಾಗದ ಕನ್ನಡಿಗರಾದ ನಮ್ಮ ಮುಂದಿರುವ ಚಿಂತೆಯೂ ಇದೇ ಬಗೆಯದು. ಕನ್ನಡ ಶಾಲೆಗೆ ಮಕ್ಕಳು ಬರುವುದಿಲ್ಲ, ಸಂಘದ ಸಭೆಗೆ ತರುಣರು ಬರುವುದಿಲ್ಲ, ಭಾಷಾಭಿಮಾನ ಸತ್ತಿತು ಎಂದು ವೇದಿಕೆಗಳಿಂದ ಕೇಳುತ್ತೇವೆ. ಇಚಲಕರಂಜಿಯ ಮಗ್ಗದ ಕೆಲಸಕ್ಕೆ ಬಂದ ಕುಟುಂಬದ ಹುಡುಗ ಮನೆಯಲ್ಲಿ ಕನ್ನಡವನ್ನೂ ಓಣಿಯಲ್ಲಿ ಮರಾಠಿಯನ್ನೂ ಆಡುತ್ತಾನೆ. ಎರಡೂ ಅವನ ಹೊಟ್ಟೆಯ, ಸ್ನೇಹದ ಭಾಷೆಗಳು. ಅವನು ನಮ್ಮಲ್ಲಿಗೆ ಬಂದಾಗ ಮರಾಠಿ ಬೆರೆತ ಅವನ ಕನ್ನಡವನ್ನು ಕೇಳಿ ನಾಲ್ಕು ಜನ ನಕ್ಕರೆ, ಆ ನಗೆಯೇ ನುಸಿಯ ಕಡಿತ. ಸಾಲಿನಲ್ಲಿ ಎಂದೂ ಅವನಿಗೆ ಕೊನೆಯ ಕುರ್ಚಿಯೇ ಸಿಕ್ಕರೆ, ಅದೇ ಅಡ್ಡಗೋಲಿನ ಮೇಲುಕೀಳು. ಇಷ್ಟಾಗಿಯೂ ಬಾರದವನನ್ನು ಅಭಿಮಾನಶೂನ್ಯನೆಂದು ಕರೆಯುವುದು ಕೋಲು ಹಿಡಿದಂತೆಯೇ ಸರಿ. ಅಟ್ಟಿ ಒಳಗೆ ಹಾಕಿದ ಕೋಳಿ ಮರುದಿನ ಇನ್ನೂ ದೂರ ನಿಲ್ಲುತ್ತದೆ.

ಸಮ್ಮೇಳನದ ದಿನ ತೋರಣ ಕಟ್ಟಿದ ಸಭಾಭವನವನ್ನು ನಾವೆಲ್ಲರೂ ನೋಡುತ್ತೇವೆ. ಅದು ಗೂಡಿನ ಹಗಲು. ನುಸಿಯನ್ನು ಕಾಣಬೇಕಾದವನು ರಾತ್ರಿ ದೀಪ ಹಿಡಿದು ಹೋಗಿ ಅಡ್ಡಗೋಲಿನ ಕೆಳಗೆ ಹುಡುಕಬೇಕಾಗುತ್ತದೆ. ಹಾಗೆಯೇ ಉಳಿದ ದಿನಗಳಲ್ಲಿ ಬಾರದವರ ಮನೆಗೆ ನಾವೇ ಹೋಗಿ, ದೂಷಿಸದೆ, “ಏಕೆ ಬರಲಿಲ್ಲ, ತಮ್ಮಾ?” ಎಂದು ಕೇಳೋಣ. ಉತ್ತರ ಕಹಿಯಾಗಿದ್ದರೂ ಕೇಳಿಸಿಕೊಳ್ಳೋಣ. ಗೂಡಿನ ಬಿರುಕುಗಳಿಗೆ ಸುಣ್ಣ ಬಳಿಯುವ ಕೆಲಸ ಅನಂತರದ್ದು.